ಊಟ ತನ್ನಿಚ್ಛೆ, ಕೇಕು ಯಾರಿಚ್ಛೆ?

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬುದು ನಮ್ಮ ಹಿರಿಯರ ಗಾದೆ. ಉಡಿಗೆ ತೊಡಿಗೆಗಳಲ್ಲಿ ನಾಲ್ಕು ಜನರ ಕಣ್ಣಿಗೆ ಅಂಜಿ ನಡೆದರೂ ಊಟದಲ್ಲಿ ಮಾತ್ರ ಮನುಷ್ಯನು ತನ್ನ ನಾಲಗೆಯ ಮಾತನ್ನು ಕೇಳಬೇಕೆಂಬುದು ಇದರ ತಾತ್ಪರ್ಯವಷ್ಟೆ. ಆದರೆ ಈಚೆಗೆ ನಮ್ಮ ಹಳ್ಳಿ ಹಟ್ಟಿಗಳಿಗೂ ಬಂದು ಸೇರಿರುವ ಒಂದು ತಿನಿಸು ಈ ಗಾದೆಯನ್ನು ತಲೆಕೆಳಗು ಮಾಡಿಬಿಟ್ಟಿದೆ. ಅದೇ ಹುಟ್ಟುಹಬ್ಬದ ಕೇಕು. ಅದರ ಮೇಲೆ ಹೆಸರು ಬರೆಸುತ್ತೇವೆ, ಮೇಣದ ಬತ್ತಿ ಹಚ್ಚಿ ಆರಿಸುತ್ತೇವೆ, ಪಟ ತೆಗೆಯುತ್ತೇವೆ, ಒಬ್ಬರ ಮುಖಕ್ಕೆ ಒಬ್ಬರು ಮೆತ್ತುತ್ತೇವೆ. ಇಷ್ಟೆಲ್ಲ ಮುಗಿದ ಮೇಲೆ ಏನಾದರೂ ಉಳಿದಿದ್ದರೆ ತಿನ್ನುತ್ತೇವೆ.

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕೇಕಿನ ವಿಚಾರವೇ ಎಂದು ವಾಚಕರಲ್ಲಿ ಕೆಲವರು ನಕ್ಕಾರು. ನಗಲಿ. ನಮ್ಮ ವಿದ್ಯಾರ್ಥಿನಿಲಯದಲ್ಲಿ ಈ ವಿಷಯವಾಗಿ ನಡೆದಷ್ಟು ವಾದ ಅರ್ಥಶಾಸ್ತ್ರದ ಪಾಠದ ವಿಷಯವಾಗಿ ಎಂದೂ ನಡೆದಿಲ್ಲ. ಒಂದು ಪಕ್ಷದವರು, ಕೇಕು ಪರದೇಶದ ಅನುಕರಣ, ಹೋಳಿಗೆ ಕಡುಬುಗಳಿರುವ ನಾಡಿಗೆ ಅದು ಅನಾವಶ್ಯಕ ಎನ್ನುತ್ತಾರೆ. ಇನ್ನೊಂದು ಪಕ್ಷದವರು, ಕಾಲ ಬದಲಾಗಿದೆ, ಪೇಟೆಯಿಂದ ಒಂದು ಪೆಟ್ಟಿಗೆ ತಂದರೆ ತೀರಿತು, ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದೇಕೆ ಎನ್ನುತ್ತಾರೆ. ನಾನು ಎರಡು ಪಕ್ಷಕ್ಕೂ ಸೇರಿದವನಲ್ಲ. ಯಾವುದೇ ತಿನಿಸು ನಮ್ಮದೋ ಪರರದೋ ಎಂಬುದನ್ನು ಅದರ ಹುಟ್ಟೂರಿನಿಂದ ಅಳೆಯಬಾರದು, ಅದನ್ನು ಬಡಿಸಿದಾಗ ಮನೆಯ ಪಂಕ್ತಿಯಿಂದ ಯಾರು ಎದ್ದುಹೋಗಬೇಕಾಯಿತು ಎಂಬುದರಿಂದ ಅಳೆಯಬೇಕು ಎಂದು ನನ್ನ ನಮ್ರ ಅಭಿಪ್ರಾಯ. ಈ ಅಭಿಪ್ರಾಯ ನನಗೆ ಪುಸ್ತಕದಿಂದ ಬಂದುದಲ್ಲ. ನಮ್ಮ ಅಜ್ಜಿಯಿಂದ ಬಂದುದು.

ನಮ್ಮ ಹಟ್ಟಿ ಇರುವುದು ಚಳ್ಳಕೆರೆ ಸೀಮೆಯ ವರವು ಕಾವಲಿನ ಅಂಚಿನಲ್ಲಿ. ಮೈಸೂರು ಅರಸರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದು ಹೆಸರಾಗಿ, ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಎನಿಸಿಕೊಂಡ ಇಲಾಖೆಯ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳಲ್ಲಿ ಇದೂ ಒಂದು. ನಮ್ಮ ಕಡೆಯ ಮ್ಯಾಸ ನಾಯಕರ ಹಳೆಯ ಕಟ್ಟಳೆಯಲ್ಲಿ ಕೋಳಿ ಸಲ್ಲದು, ತತ್ತಿಯೂ ಸಲ್ಲದು. ಓದಲು ಊರು ಬಿಟ್ಟ ನನ್ನಂಥ ಹುಡುಗರಲ್ಲಿ ಈ ಕಟ್ಟಳೆ ಸಡಿಲವಾಗಿರಬಹುದು. ಅಜ್ಜಿಯಲ್ಲಿ ಆಗಿಲ್ಲ. ಅದು ಆಕೆಗೆ ದೇವರಿಗೆ ಕೊಟ್ಟ ಮಾತು.

ಎರಡು ವರ್ಷಗಳ ಹಿಂದೆ ನನ್ನ ತಂಗಿಯ ಹುಟ್ಟುಹಬ್ಬಕ್ಕೆ ಅಪ್ಪ ಪೇಟೆಯಿಂದ ಚಾಕೊಲೇಟ್ ಕೇಕು ತಂದರು. ಮಕ್ಕಳೆಲ್ಲ ಸುತ್ತ ನೆರೆದರು. ತಂಗಿ ಮೊದಲ ತುಂಡನ್ನು ಅಜ್ಜಿಯ ಬಾಯಿಗೆ ಹಿಡಿದಳು. ಅಜ್ಜಿ ಮುಖ ತಿರುಗಿಸಿ, “ನನಗ್ಯಾಕವ್ವ, ನೀವ್ ತಿನ್ರಿ” ಎಂದು ಹೊರಗೆ ಹೋಗಿ ಜಗಲಿಯ ಮೇಲೆ ಕುಳಿತಳು. ಕೂಸಾಗಿದ್ದಾಗಿನಿಂದ ಮಡಿಲಲ್ಲಿ ಹಾಕಿಕೊಂಡು ಸಾಕಿದ ಮುದುಕಿ ಹೊರಗೆ, ಪೇಟೆಯ ಪೆಟ್ಟಿಗೆ ಒಳಗೆ. ಅಜ್ಜಿಗೆ ಬೇಸರವಾದಂತೆ ಕಾಣಲಿಲ್ಲ. ಅಳುವ ಮೋರೆ ಮಾಡಿದವಳು ತಂಗಿ. “ಅಜ್ಜಿ ತಿನ್ನದ ಕೇಕು ಯಾಕೆ ತಂದ್ರಿ?” ಎಂದು ಆಕೆ ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಈ ಲೇಖನವೇ ನನ್ನ ಉತ್ತರ.

ಮೊದಲು ಅನುಕರಣದ ಮಾತನ್ನು ಪರಿಶೀಲಿಸೋಣ. ಕೋಕೋ ಮರ ಅಮೆರಿಕ ಖಂಡದ್ದೆಂಬುದು ನಿಜ. ಆದರೆ ಚಳ್ಳಕೆರೆಗೆ ‘ಎಣ್ಣೆ ನಗರಿ’ ಎಂಬ ಹೆಸರು ತಂದ ಶೇಂಗಾ ಎಲ್ಲಿಯದು? ಅದೂ ಅಮೆರಿಕ ಖಂಡದ್ದೇ. ನಮ್ಮ ಮುದ್ದೆಯ ಸಾರಿಗೆ ಖಾರ ಕೊಡುವ ಮೆಣಸಿನಕಾಯಿ ಅಲ್ಲಿಯದು, ಪರಂಗಿಹಣ್ಣು ಅಲ್ಲಿಯದು. ಸೀತಾಮಾತೆಯ ಹೆಸರನ್ನೇ ಹೊತ್ತ ಸೀತಾಫಲವೂ ಅಲ್ಲಿಂದ ಬಂದುದೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಇವನ್ನೆಲ್ಲ ನಮ್ಮವೆಂದು ಒಪ್ಪಿದ ಮೇಲೆ ಕೋಕೋ ಒಂದನ್ನೇ ಬಾಗಿಲಲ್ಲಿ ತಡೆದು ಊರು ಕೇರಿ ಕೇಳುವುದು ನ್ಯಾಯವೇ? ಅದಲ್ಲದೆ ಕೋಕೋ ಈಗ ನಮ್ಮ ರಾಜ್ಯದ ಬೆಳೆಯೂ ಹೌದು. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ ಅದು ಬೆಳೆಯುತ್ತದೆ. ಅಡಿಕೆ ಬೆಳೆಗಾರರು 1973ರಲ್ಲಿ ಕಟ್ಟಿಕೊಂಡ ಕ್ಯಾಂಪ್ಕೋ ಸಹಕಾರ ಸಂಸ್ಥೆ, ಕೋಕೋ ಬೆಳೆದವರಿಗೆ ಬೆಲೆಯಿಲ್ಲದಂತಾದ ಕಾಲದಲ್ಲಿ ಕೊಳ್ಳಲು ಮುಂದೆ ಬಂದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು.

ಕೇಕಿನ ಚರಿತ್ರೆಯಲ್ಲಿಯೂ ನಮ್ಮ ತಂಗಿಯ ಪ್ರಶ್ನೆಯನ್ನು ಕೇಳಿಕೊಂಡವರು ಇದ್ದಾರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಆಲ್‌ಫ್ರೆಡ್ ಬರ್ಡ್ ಎಂಬ ರಸಾಯನಶಾಸ್ತ್ರಜ್ಞನಿದ್ದ. ಅವನ ಹೆಂಡತಿಗೆ ಮೊಟ್ಟೆಯೂ ಒಗ್ಗುತ್ತಿರಲಿಲ್ಲ, ಹಿಟ್ಟು ಹುದುಗಿಸುವ ಯೀಸ್ಟೂ ಒಗ್ಗುತ್ತಿರಲಿಲ್ಲ. ಆಕೆಗಾಗಿ ಅವನು 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನೂ, 1843ರಲ್ಲಿ ಯೀಸ್ಟಿಲ್ಲದೆ ಹಿಟ್ಟನ್ನು ಉಬ್ಬಿಸುವ ಬೇಕಿಂಗ್ ಪುಡಿಯನ್ನೂ ತಯಾರಿಸಿದ. ನಮ್ಮವರೂ ಹಿಂದೆ ಬಿದ್ದಿಲ್ಲ. 1898ರಲ್ಲಿ ಹಾಸನದ ಕಡೆಯ ಅಯ್ಯಂಗಾರರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದರು. ಮೊಟ್ಟೆ ಮುಟ್ಟದವರೂ ತಿನ್ನಬಲ್ಲ ಬ್ರೆಡ್ಡು ಬನ್ನುಗಳಿಂದ ಅಯ್ಯಂಗಾರ್ ಬೇಕರಿ ಎಂಬ ಹೆಸರು ಊರೂರಿಗೂ ಹಬ್ಬಿತು. ಪರದೇಶದ ತಿನಿಸನ್ನು ಒಲ್ಲೆ ಎನ್ನದೆ, ಕಣ್ಣು ಮುಚ್ಚಿ ನುಂಗದೆ, ಮನೆಯ ಕಟ್ಟಳೆಗೆ ಒಗ್ಗಿಸಿಕೊಂಡ ಈ ಜಾಣತನವನ್ನು ಅನುಕರಣವೆಂದು ಕರೆಯುವುದು ಸರಿಯಲ್ಲ.

ಇಷ್ಟನ್ನು ಯೋಚಿಸಿದ ಮೇಲೆ ಕಳೆದ ಕಾರ್ತಿಕದಲ್ಲಿ ತಂಗಿಯ ಹುಟ್ಟುಹಬ್ಬಕ್ಕೆ ನಾನೇ ಮನೆಯಲ್ಲಿ ಕೇಕು ಮಾಡುವುದೆಂದು ಹೊರಟೆ. ಒಂದೂವರೆ ಲೋಟ ಮೈದಾ, ಒಂದು ಲೋಟ ಸಕ್ಕರೆ ಪುಡಿ, ನಾಲ್ಕು ದೊಡ್ಡ ಚಮಚ ಕೋಕೋ ಪುಡಿ, ಒಂದು ಸಣ್ಣ ಚಮಚ ಅಡುಗೆ ಸೋಡ, ಚಿಟಿಕೆ ಉಪ್ಪು ಇವನ್ನು ಎರಡು ಸಾರಿ ಜರಡಿ ಹಿಡಿದೆ. ಮುಕ್ಕಾಲು ಲೋಟ ಹುಳಿ ಮೊಸರಿಗೆ ಕಾಲು ಲೋಟ ನೀರು ಬೆರೆಸಿ, ಬೆಣ್ಣೆಯ ಬದಲು ನಮ್ಮ ಗಾಣದ ಶೇಂಗಾ ಎಣ್ಣೆಯನ್ನು ಲೋಟದ ಮೂರನೆಯ ಒಂದು ಭಾಗದಷ್ಟು ಹಾಕಿದೆ. ತತ್ತಿಯ ಕೆಲಸವನ್ನು ಇಲ್ಲಿ ಹುಳಿ ಮೊಸರು ಮತ್ತು ಸೋಡ ಮಾಡುತ್ತವೆ. ಇವೆರಡೂ ಸೇರಿದೊಡನೆ ಇಂಗಾಲದ ಡೈ ಆಕ್ಸೈಡ್ ಗುಳ್ಳೆಗಳು ಏಳುತ್ತವೆ. ಆ ಗುಳ್ಳೆಗಳೇ ಹಿಟ್ಟನ್ನು ಎತ್ತುತ್ತವೆ. ಆದುದರಿಂದ ಒಣ ಹಿಟ್ಟಿಗೆ ಮೊಸರನ್ನು ಸುರಿದ ಮೇಲೆ ತಡಮಾಡುವಂತಿಲ್ಲ, ಬಹಳ ಹೊತ್ತು ಕಲಸುವಂತೆಯೂ ಇಲ್ಲ. ಹೆಚ್ಚು ಕಲಸಿದರೆ ಹಿಟ್ಟಿನಲ್ಲಿ ನಾರು ಬಿಗಿದುಕೊಂಡು ಕೇಕು ರೊಟ್ಟಿಯಂತಾಗುತ್ತದೆ.

ಬೇಯಿಸಲು ಒಲೆಪೆಟ್ಟಿಗೆ ನಮ್ಮಲ್ಲಿ ಎಲ್ಲಿಯದು? ನಾನು ತಲೆ ಕೆರೆದುಕೊಳ್ಳುತ್ತ ನಿಂತಿದ್ದಾಗ ಅಜ್ಜಿ ಬಂದು, “ಏನ್ಲಾ ಅದು, ಕರ್ರಗೈತೆ?” ಎಂದಳು. ಇದಕ್ಕೆ ಕೆಳಗೂ ಮೇಲೂ ಸುತ್ತಲೂ ಒಂದೇ ಸಮ ಶಾಖ ಬೇಕಂತೆ ಎಂದು ತಿಳಿಸಿದೆ. “ಅಷ್ಟೇಯ? ಮಂಡಕ್ಕಿ ಭಟ್ಟಿಯೋರು ಏನ್ ಮಾಡ್ತಾರೆ? ಮರಳು ಹಾಕಲೇ” ಎಂದಳು. ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ತೊಳೆದು ಒಣಗಿಸಿದ ಮರಳನ್ನು ಎರಡು ಬೆರಳು ಎತ್ತರಕ್ಕೆ ಹರವಿ, ಮುಚ್ಚಳ ಮುಚ್ಚಿ ಹತ್ತು ನಿಮಿಷ ಕಾಯಿಸಿದೆವು. ಮರಳಿನ ಮೇಲೆ ಕಬ್ಬಿಣದ ಸಿಂಬೆಯಿಟ್ಟು ಅದರ ಮೇಲೆ ಎಣ್ಣೆ ಸವರಿ ಹಿಟ್ಟು ಸುರಿದ ತಟ್ಟೆಯನ್ನು ಕೂರಿಸಿ ಸಣ್ಣ ಉರಿಯಲ್ಲಿ ಬಿಟ್ಟೆವು. ಅರ್ಧ ಗಂಟೆಯವರೆಗೆ ಯಾರೂ ಮುಚ್ಚಳ ಎತ್ತಕೂಡದೆಂದು ಅಜ್ಜಿಯದೇ ಕಾವಲು. ಮುಕ್ಕಾಲು ಗಂಟೆಯ ಹೊತ್ತಿಗೆ ಕಡ್ಡಿ ಚುಚ್ಚಿ ನೋಡಿದರೆ ಹಿಟ್ಟು ಅಂಟಲಿಲ್ಲ. ನಮ್ಮ ನೆರೆಮನೆಯ ಗೆಳೆಯನೊಬ್ಬ, “ಕಾವಲಿನಲ್ಲಿ ಚಾಲಕನಿಲ್ಲದ ವಿಮಾನ, ನಿಮ್ಮ ಮನೆಯಲ್ಲಿ ತತ್ತಿಯಿಲ್ಲದ ಕೇಕು, ಎರಡೂ ಮೇಲಕ್ಕೆ ಎದ್ದವಲ್ಲ!” ಎಂದು ನಗೆಯಾಡಿದ. ವರವು ಕಾವಲಿನ ನಾಲ್ಕು ಸಾವಿರಕ್ಕೂ ಮಿಕ್ಕ ಎಕರೆ ರಕ್ಷಣಾ ಸಂಶೋಧನೆಗೆ ಸೇರಿ, 2017ರ ಮೇ 28ರಂದು ಅಲ್ಲಿ ವಿಮಾನ ಪರೀಕ್ಷಾ ನೆಲೆ ಉದ್ಘಾಟನೆಯಾದುದನ್ನು ಬಲ್ಲವರಿಗೆ ಅವನ ಮಾತಿನ ಮರ್ಮ ತಿಳಿದೀತು.

ಇನ್ನು ಮೇಲಿನ ಹಣ್ಣಿನ ಮಾತು. ಪೇಟೆಯ ಕೇಕಿನ ಮೇಲಿರುವ ಕೆಂಪು ಚೆರ‍್ರಿ, ಹಸಿರು ಕಿವಿ ಹಣ್ಣುಗಳು ನಮ್ಮಲ್ಲಿ ಸಿಗವು, ಸಿಗಬೇಕಾಗಿಯೂ ಇಲ್ಲ. ಅಜ್ಜಿಯ ಹುಡುಗಿತನದಲ್ಲಿ ದನ ಕಾಯಲು ಹೋದವರು ಉಡಿ ತುಂಬ ಕಾರೆಹಣ್ಣು, ಬಾರೆಹಣ್ಣು ತರುತ್ತಿದ್ದರಂತೆ. ಆ ನೆಲದಲ್ಲಿ ಈಗ ಬೇಲಿಯಿದೆ; ಅದರ ನ್ಯಾಯ ಅನ್ಯಾಯ ಬೇರೆ ಲೇಖನದ ವಿಷಯ. ಕಾರ್ತಿಕದಲ್ಲಿ ನಮಗೆ ದೊರೆತವು ಮೊಳಕಾಲ್ಮೂರಿನ ಕಡೆಯ ಗುಡ್ಡದ ಸೀತಾಫಲ ಮತ್ತು ನಮ್ಮ ಜಿಲ್ಲೆಯಲ್ಲೇ ಬೆಳೆಯುವ ದಾಳಿಂಬೆ. ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹುಟ್ಟುಹಬ್ಬಕ್ಕೆ ಮುಂಚೆ ಪರೀಕ್ಷೆಗೆಂದು ಮಾಡಿದ ಕೇಕಿನಲ್ಲಿ ಸೀತಾಫಲದ ತಿರುಳನ್ನು ಹಿಟ್ಟಿಗೇ ಬೆರೆಸಿ ಬೇಯಿಸಿದ್ದೆ. ಕೇಕು ಕಹಿಯಾಗಿ, ನಾಯಿಯೂ ಮೂಸಿ ನೋಡಿ ಹಿಂದೆ ಸರಿಯಿತು. ಸೀತಾಫಲವನ್ನು ಕಾಯಿಸಿದರೆ ಕಹಿಯಾಗುತ್ತದೆಂಬುದು ನನಗೆ ಆಗ ತಿಳಿಯದು. ಎರಡನೆಯ ಸಾರಿ ಕೇಕು ಪೂರ್ತಿ ಆರಿದ ಮೇಲೆ, ಬೀಜ ತೆಗೆದ ತಿರುಳನ್ನು ಗಟ್ಟಿ ಕೆನೆಯೊಂದಿಗೆ ಕಲಸಿ ಮೇಲೆ ಸವರಿದೆ. ಅದರ ಮೇಲೆ ದಾಳಿಂಬೆಯ ಕಾಳು ಹರಡಿದೆ. ಕತ್ತರಿಸಿದ ಹಣ್ಣಿನ ಹೋಳುಗಳಿಗೆ ಸಕ್ಕರೆ ತಾಗಿದರೆ ನೀರು ಬಿಟ್ಟು ಕೇಕು ತೊಯ್ದು ಹೋಗುತ್ತದೆ. ದಾಳಿಂಬೆಯ ಒಂದೊಂದು ಕಾಳೂ ತನ್ನ ರಸವನ್ನು ತನ್ನ ಸಿಪ್ಪೆಯಲ್ಲೇ ಕಟ್ಟಿಟ್ಟುಕೊಂಡಿರುವುದರಿಂದ ಆ ಭಯವಿಲ್ಲ.

ತಂಗಿ ಮೊದಲ ತುಂಡನ್ನು ಮತ್ತೆ ಅಜ್ಜಿಯ ಬಾಯಿಗೆ ಹಿಡಿದಳು. ಅಜ್ಜಿ ಈ ಸಾರಿ ಏಳಲಿಲ್ಲ. ಬಾಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಯೋಚಿಸಿ, “ಸೀತಾಫಲ ಚೆನ್ನಾಗೈತೆ. ಕೆಳಗಿಂದು ಒಂಚೂರು ಕಹಿ” ಎಂದಳು. ಕೋಕೋವಿನ ಸಹಜ ಕಹಿಯನ್ನು ಆಕೆ ಮೆಚ್ಚಲಿಲ್ಲವೆಂಬುದನ್ನು ಮುಚ್ಚಿಡುವುದು ಏತಕ್ಕೆ? ಎರಡನೆಯ ತುಂಡನ್ನು ಕೇಳಲೂ ಇಲ್ಲ. ಆದರೆ ಪಂಕ್ತಿಯಲ್ಲಿ ಕುಳಿತು, ರುಚಿ ನೋಡಿ, ಸಾಲದೆಂದು ಹೇಳುವ ಅಧಿಕಾರ ಆಕೆಗೆ ದೊರೆಯಿತು. ಹಿಂದಿನ ಹುಟ್ಟುಹಬ್ಬದಲ್ಲಿ ಆಕೆಗೆ ಇಲ್ಲದಿದ್ದುದು ಇದೇ.

ನನ್ನ ವಾದಕ್ಕೆ ಆಕ್ಷೇಪಣೆಗಳು ಇಲ್ಲದಿಲ್ಲ. ಮೊಟ್ಟೆಯಿಲ್ಲದ ಕೇಕು ಅಂಗಡಿಯಲ್ಲೇ ಸಿಗುವಾಗ ಇಷ್ಟು ಶ್ರಮವೇಕೆ ಎಂಬುದು ಮೊದಲನೆಯದು. ಸಿಗುತ್ತದೆ, ನಿಜ. ಆದರೆ ಓದು ಬಾರದ ಅಜ್ಜಿ ಅಂಗಡಿಯವನ ಮಾತನ್ನಾಗಲಿ ಪೆಟ್ಟಿಗೆಯ ಮೇಲಿನ ಹಸಿರು ಚುಕ್ಕೆಯನ್ನಾಗಲಿ ನಂಬುವವಳಲ್ಲ. ತನ್ನ ಕಣ್ಣೆದುರು ಬಿದ್ದ ಮೊಸರನ್ನು, ತಾನೇ ಹೇಳಿಕೊಟ್ಟ ಮರಳನ್ನು ನಂಬಿದಳು. ಮೂಢನಂಬಿಕೆಯೆಂದು ಹೇಳಿ ಆಕೆಯನ್ನು ತಿದ್ದಲು ಹೋಗುವುದಕ್ಕಿಂತ ಒಂದು ಗಂಟೆ ಒಲೆಯ ಮುಂದೆ ನಿಲ್ಲುವುದು ಸುಲಭ.

ಎರಡನೆಯದು ಇನ್ನೂ ಗಂಭೀರವಾದ ಆಕ್ಷೇಪಣೆ. ನಮ್ಮ ತರಗತಿಯ ವಿದ್ಯಾರ್ಥಿನಿಯರು ಎತ್ತಿದ್ದು. ‘ಮನೆಯಲ್ಲೇ ಮಾಡಿ’ ಎಂದು ಗಂಡಸರು ಬರೆದಾಗಲೆಲ್ಲ ಹೆಂಗಸರ ಕೈಗೆ ಒಂದು ಕೆಲಸ ಹೆಚ್ಚಾಗುತ್ತದೆ ಎಂದರು. ಈ ಮಾತಿಗೆ ನಾನು ತಲೆಬಾಗುತ್ತೇನೆ. ಅವ್ವ ಆ ದಿನವೂ ಹೊಲದಿಂದ ಬಂದು ರೊಟ್ಟಿ ತಟ್ಟಿದವಳೇ. ಆದ ಕಾರಣ ನನ್ನ ಸಲಹೆಯ ಜೊತೆಗೆ ಒಂದು ನಿಬಂಧನೆಯೂ ಇದೆ: ಮನೆಯ ಕೇಕು ಬೇಕೆನ್ನುವವನೇ ಹಿಟ್ಟು ಜರಡಿ ಹಿಡಿಯತಕ್ಕದ್ದು, ಅವನೇ ಪಾತ್ರೆ ತೊಳೆಯತಕ್ಕದ್ದು. ಮರಳಿನ ಪಾತ್ರೆಯನ್ನು ಉಜ್ಜಿದ ಅನುಭವದಿಂದ ಹೇಳುತ್ತಿದ್ದೇನೆ.

ಮೂರನೆಯವರು ಆರೋಗ್ಯದ ಹೆಸರಿನಲ್ಲಿ, ಮನೆಯದಾದರೆ ಎಷ್ಟು ತಿಂದರೂ ಕೇಡಿಲ್ಲವೆನ್ನುತ್ತಾರೆ. ಇದನ್ನು ನಾನು ಒಪ್ಪಲಾರೆ. ಒಂದು ಲೋಟ ಸಕ್ಕರೆ ಬೇಕರಿಯಲ್ಲಿ ಬಿದ್ದರೂ ಸಕ್ಕರೆಯೇ, ಅಜ್ಜಿಯ ಎದುರು ಬಿದ್ದರೂ ಸಕ್ಕರೆಯೇ. ವರ್ಷಕ್ಕೊಮ್ಮೆ ಬರುವ ಹಬ್ಬದ ತಿನಿಸಾಗಿಯೇ ಅದು ಇರಲಿ.

ಪ್ರಿಯ ವಾಚಕರೇ, ನಿಮ್ಮ ಮನೆಯಲ್ಲಿಯೂ ತುಂಡು ಕತ್ತರಿಸುವ ಹೊತ್ತಿಗೆ ಮೆಲ್ಲನೆ ಜಗಲಿಗೆ ಹೋಗುವವರು ಒಬ್ಬರು ಇರಬಹುದು. ಒಬ್ಬರಿಗೆ ತತ್ತಿ ಸಲ್ಲದು, ಒಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರಿಗೆ ಹಲ್ಲಿಲ್ಲ. ಮುಂದಿನ ಹುಟ್ಟುಹಬ್ಬಕ್ಕೆ ಪೇಟೆಗೆ ಹೋಗುವ ಮುನ್ನ ಅವರ ಹತ್ತಿರ ಒಂದು ಗಳಿಗೆ ಕುಳಿತು, ನೀವು ಏನನ್ನು ತಿನ್ನಬಲ್ಲಿರಿ ಎಂದು ಕೇಳಿರಿ. ಅವರು ಹೇಳುವುದು ಕೇಕೇ ಆಗಬೇಕೆಂದಿಲ್ಲ. ನಮ್ಮ ಅಜ್ಜಿಯಂತೂ ಬರುವ ಕಾರ್ತಿಕಕ್ಕೆ ಈಗಲೇ ಅಪ್ಪಣೆ ಮಾಡಿದ್ದಾಳೆ: ಮೇಲಿನ ಸೀತಾಫಲ ಇರಲಿ, ಕೆಳಗೆ ಮಾತ್ರ ಆ ಕರಿ ಪುಡಿ ಕಡಿಮೆ ಹಾಕಬೇಕಂತೆ.