ರಜೆಯೋ, ರಾಜೀನಾಮೆಯೋ?

ಬೆಳಗಿನ ಹೊತ್ತು ದೊಡ್ಡಬಳ್ಳಾಪುರದಿಂದ ತೂಬಗೆರೆ, ಸಾಸಲು, ಮಧುರೆಗಳ ಕಡೆಗೆ ಹೊರಡುವ ಬಸ್ಸುಗಳಲ್ಲಿ ಉಪಾಧ್ಯಾಯಿನಿಯರನ್ನು ಗುರುತಿಸುವುದು ಕಷ್ಟವಲ್ಲ. ಒಂದು ಕೈಯಲ್ಲಿ ಬುತ್ತಿಯ ಚೀಲ, ಇನ್ನೊಂದರಲ್ಲಿ ತಿದ್ದಿ ಮುಗಿಯದ ಉತ್ತರಪತ್ರಿಕೆಗಳ ಕಟ್ಟು. ಅವರಲ್ಲಿ ಕೆಲಸಕ್ಕೆ ಸೇರಿ ವರ್ಷ ತುಂಬದವರೂ ಇರುತ್ತಾರೆ. ಪದವಿ ಮುಗಿಸಿ, ಬಿ.ಎಡ್. ಮಾಡಿ, ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು, ನೇಮಕದ ಆದೇಶ ಕೈಸೇರುವಷ್ಟರಲ್ಲಿ ಹೆಣ್ಣುಮಗಳಿಗೆ ಇಪ್ಪತ್ತೇಳೋ ಇಪ್ಪತ್ತೆಂಟೋ ಆಗಿರುತ್ತದೆ. ಮದುವೆಯೂ ಆ ಸುಮಾರಿನಲ್ಲಿಯೇ ನಡೆದಿರುತ್ತದೆ. ಹೊಸ ಕೆಲಸವೂ ಚೊಚ್ಚಲ ಬಸಿರೂ ಒಂದೇ ವರ್ಷದಲ್ಲಿ ಬಂದು ಕೂಡುವುದು ಹೀಗಾಗಿ ಅಪರೂಪದ ಸಂಗತಿಯೇನಲ್ಲ.

ಮನೆಯಲ್ಲಿ ಅದು ಸಂತೋಷದ ಸುದ್ದಿ, ಶಾಲೆಯಲ್ಲಿ ಗುಟ್ಟು. ಇದೇ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯಕ್ಕೆ ಸಂತಾನವನ್ನು ಬೇಡಿ ದೂರದೂರದಿಂದ ದಂಪತಿಗಳು ಬರುತ್ತಾರೆ, ನಾಗರಕಲ್ಲು ಪ್ರತಿಷ್ಠೆ ಮಾಡಿಸುತ್ತಾರೆ. ಅಲ್ಲಿಂದ ಕೆಲವೇ ಮೈಲಿಗಳಾಚೆ ಹರಕೆಯಿಲ್ಲದೆಯೇ ಒಲಿದ ಭಾಗ್ಯವನ್ನು ಉಪಾಧ್ಯಾಯಿನಿಯೊಬ್ಬಳು ಐದು ತಿಂಗಳವರೆಗೆ ಸೆರಗಿನಲ್ಲಿ ಮರೆಮಾಡಿಕೊಂಡು ಪಾಠ ಹೇಳುತ್ತಾಳೆ. ಅವಳ ಈ ಮೌನಕ್ಕೆ ಕಾರಣ ನಾಚಿಕೆಗಿಂತ ಹೆಚ್ಚಾಗಿ ಭಯ. "ಕಾಯಂ ಆಗುವ ತನಕ ಹೆರಿಗೆ ರಜೆ ಸಿಗುವುದಿಲ್ಲವಂತೆ" ಎಂಬ ಮಾತನ್ನು ಅವಳು ಶಿಕ್ಷಕರ ಕೊಠಡಿಯಲ್ಲಿ ಕೇಳಿರುತ್ತಾಳೆ. ಹೇಳಿದವರೂ ಅದನ್ನು ಇನ್ನಾರಿಂದಲೋ ಕೇಳಿದವರೇ.

ಆ ಮಾತು ಸುಳ್ಳು. ಸರ್ಕಾರಿ ಶಾಲೆಯ ಶಿಕ್ಷಕಿಯ ವಿಷಯದಲ್ಲಿ ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ 135ನೆಯ ನಿಯಮ ಸ್ಪಷ್ಟವಾಗಿದೆ. ಜೀವಂತವಿರುವ ಮಕ್ಕಳು ಇಬ್ಬರಿಗಿಂತ ಕಡಿಮೆಯಿದ್ದರೆ ಪೂರ್ಣ ವೇತನದೊಡನೆ 180 ದಿನಗಳ ಹೆರಿಗೆ ರಜೆ ದೊರೆಯುತ್ತದೆ. ಈ ದಿನಗಳನ್ನು ಅವಳ ಖಾತೆಯ ಗಳಿಕೆ ರಜೆಯಿಂದ ಕಳೆಯುವಂತಿಲ್ಲ. ಪರೀಕ್ಷಾರ್ಥ ಅವಧಿಯಲ್ಲಿರುವುದು ಇದಕ್ಕೆ ಅಡ್ಡಿಯಲ್ಲ. ಅರ್ಜಿಯು ಮುಖ್ಯೋಪಾಧ್ಯಾಯರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಬೇಕು, ಜೊತೆಗೆ ವೈದ್ಯರ ಪ್ರಮಾಣಪತ್ರವಿರಬೇಕು, ಅಷ್ಟೆ. ಗಂಡನೂ ಸರ್ಕಾರಿ ನೌಕರನಾಗಿದ್ದರೆ ಅವನಿಗೂ 15 ದಿನಗಳ ಪಿತೃತ್ವ ರಜೆಯುಂಟು. ಆ ಹದಿನೈದು ದಿನಗಳನ್ನು ಗಂಡಂದಿರು ಹೇಗೆ ಕಳೆಯುತ್ತಾರೆಂಬುದನ್ನು ಬಾಣಂತಿಯರನ್ನೇ ಕೇಳಬೇಕು.

ಖಾಸಗಿ ಶಾಲೆಯ ಕಥೆ ಬೇರೆ. ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಲ್ಲಿ ಬೆಂಗಳೂರು ನಗರ ಚಾಚಿಕೊಂಡಂತೆಲ್ಲ ಶಾಲೆಗಳೂ ಎದ್ದಿವೆ. ಇಂಥ ಕಡೆ ರಜೆಯನ್ನು ಯಾರೂ ನೇರವಾಗಿ ನಿರಾಕರಿಸುವುದಿಲ್ಲ. "ನೋಡಮ್ಮ, ಈ ಸ್ಥಿತಿಯಲ್ಲಿ ನಿಮಗೇಕೆ ತೊಂದರೆ? ಈಗ ಒಂದು ರಾಜೀನಾಮೆ ಬರೆದುಕೊಟ್ಟು ಹೋಗಿ. ಮಗು ಸ್ವಲ್ಪ ದೊಡ್ಡದಾದ ಮೇಲೆ ಜೂನ್ ತಿಂಗಳಿಗೆ ಬಂದು ಸೇರಿಕೊಳ್ಳುವಿರಂತೆ" ಎಂದು ಮೃದುವಾಗಿ ಹೇಳುವುದುಂಟು. ಕೇಳುವುದಕ್ಕೆ ಎಷ್ಟು ಅಕ್ಕರೆಯ ಮಾತು! ಮನೆಯ ಹಿರಿಯರೂ ತಲೆದೂಗುತ್ತಾರೆ. ಆದರೆ ರಜೆಗೂ ರಾಜೀನಾಮೆಗೂ ನಡುವಿನ ಅಂತರ ಅಲ್ಪವಲ್ಲ. ರಜೆಯ ಮೇಲಿರುವವಳಿಗೆ ಸಂಬಳವುಂಟು, ಸೇವೆಯ ಮುಂದುವರಿಕೆಯುಂಟು, ಮರಳಿ ಬರಲು ಜಾಗವುಂಟು. ರಾಜೀನಾಮೆ ಕೊಟ್ಟವಳಿಗೆ ಉಳಿಯುವುದು ಜೂನ್ ತಿಂಗಳ ಭರವಸೆ ಮಾತ್ರ. ಜೂನ್ ಬಂದಾಗ ಆ ತರಗತಿಯಲ್ಲಿ ಇನ್ನೊಬ್ಬಳು, ಇನ್ನೂ ಕಡಿಮೆ ಸಂಬಳಕ್ಕೆ, ಪಾಠ ಹೇಳುತ್ತಿರುತ್ತಾಳೆ.

1961ರ ಹೆರಿಗೆ ಸೌಲಭ್ಯ ಕಾಯಿದೆ ಇಂಥವರಿಗೆ ಆಸರೆಯಾಗಿತ್ತು. ಅದರಲ್ಲಿದ್ದ 12 ವಾರಗಳ ರಜೆ 2017ರಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರಗಳಾಯಿತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹಕ್ಕಿನ ತಿರುಳು ಹಾಗೆಯೇ ಉಳಿದಿದೆ. ಹತ್ತು ಮಂದಿ ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅದು ಅನ್ವಯಿಸುತ್ತದೆ. ಹೊಸಬಳು ಗಮನಿಸಬೇಕಾದ ಅಂಕಿ ಒಂದೇ: ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. ಜೂನ್ ಮೊದಲಿಗೆ ಸೇರಿದವಳಿಗೆ ದಸರಾ ಹೊತ್ತಿಗೆ ಅದು ತುಂಬಿರುತ್ತದೆ. ಈ ಕಾರಣದಿಂದ ಗೈರುಹಾಜರಾದವಳನ್ನು ಆ ಅವಧಿಯಲ್ಲಿ ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ. ಶಾಲೆ ಇಎಸ್‌ಐ ವ್ಯಾಪ್ತಿಗೆ ಸೇರಿದ್ದು, ಸಂಬಳದಲ್ಲಿ ಅದರ ವಂತಿಗೆ ಕಡಿತವಾಗುತ್ತಿದ್ದರೆ, ಹೆರಿಗೆಯ ಹಣವನ್ನು ಆಡಳಿತ ಮಂಡಳಿಯಲ್ಲ, ಇಎಸ್‌ಐ ನಿಗಮವೇ ಕೊಡುತ್ತದೆ. ಸಂಬಳದ ಚೀಟಿಯನ್ನು ಓದದೆ ಮಡಿಸಿಡುವವರಿಗೆ ಇದು ತಿಳಿಯುವುದೇ ಇಲ್ಲ.

ಪರೀಕ್ಷಾರ್ಥ ಅವಧಿಯ ಭಯವನ್ನು ಸರ್ವೋಚ್ಚ ನ್ಯಾಯಾಲಯ ಬಹು ಹಿಂದೆಯೇ ನೋಡಿದೆ. 1989ರಲ್ಲಿ ಜೀವ ವಿಮಾ ನಿಗಮಕ್ಕೆ ಸೇರಿದ ನೀರಾ ಮಾಥುರ್ ಎಂಬ ಮಹಿಳೆ ಕೆಲವೇ ತಿಂಗಳಲ್ಲಿ ಹೆರಿಗೆ ರಜೆ ಕೇಳಿದರು. ಸೇರುವಾಗ ತುಂಬಿಕೊಟ್ಟ ನಮೂನೆಯಲ್ಲಿ ಸುಳ್ಳು ಹೇಳಿದ್ದಾರೆಂಬ ಕಾರಣಕ್ಕೆ, ಪರೀಕ್ಷಾರ್ಥ ಅವಧಿಯಲ್ಲಿಯೇ ಅವರನ್ನು ಬಿಡುಗಡೆ ಮಾಡಲಾಯಿತು. ಆ ನಮೂನೆ ಹೆಂಗಸರ ಮುಟ್ಟಿನ ದಿನಾಂಕಗಳನ್ನು ಸಹ ಕೇಳುತ್ತಿತ್ತು. 1991ರಲ್ಲಿ ನ್ಯಾಯಾಲಯ ಅವರನ್ನು ಮರಳಿ ಕೆಲಸಕ್ಕೆ ಸೇರಿಸಿತು. ಅಂಥ ಪ್ರಶ್ನೆಗಳನ್ನು ತೆಗೆದುಹಾಕುವಂತೆಯೂ ಹೇಳಿತು. ಗುತ್ತಿಗೆಯ ಮೇಲೆ ದುಡಿಯುತ್ತಿದ್ದ ದೆಹಲಿಯ ವೈದ್ಯೆಯೊಬ್ಬರ ಅವಧಿ ಮುಗಿಯುವುದಕ್ಕೆ ಹನ್ನೊಂದು ದಿನವಿತ್ತೆಂದು ಹನ್ನೊಂದೇ ದಿನದ ಸೌಲಭ್ಯ ಕೊಟ್ಟಿದ್ದರು. ಅವರಿಗೆ ಪೂರ್ಣ 26 ವಾರ ಸಲ್ಲಬೇಕೆಂದು 2023ರಲ್ಲಿ ಅದೇ ನ್ಯಾಯಾಲಯ ತೀರ್ಪಿತ್ತಿತು. ನೆರೆಯ ಧರ್ಮಪುರಿ ಜಿಲ್ಲೆಯ ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರು ಮರುಮದುವೆಯ ಬಳಿಕ ಹೆತ್ತಾಗ, ಮೂರನೆಯ ಮಗುವೆಂದು ರಜೆ ನಿರಾಕರಿಸಿದ್ದರು. 2025ರ ಮೇ ತಿಂಗಳಲ್ಲಿ ಅವರಿಗೂ ನ್ಯಾಯ ಸಿಕ್ಕಿತು. ಕೂಸು ಮೂರು ವರ್ಷದ್ದಾದ ಮೇಲೆ ಸಿಕ್ಕಿದ ರಜೆ ಅದು.

ಉಪಾಧ್ಯಾಯಿನಿಯ ಬಸಿರು ಬೇರೆ ದೇಶಗಳಲ್ಲಿಯೂ ಆಡಳಿತಗಾರರ ನಿದ್ದೆ ಕೆಡಿಸಿದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಶಾಲಾಮಂಡಳಿ, ಹೆರಿಗೆಗೆ ಐದು ತಿಂಗಳು ಮೊದಲೇ ಶಿಕ್ಷಕಿ ಸಂಬಳವಿಲ್ಲದೆ ಮನೆಗೆ ಹೋಗಬೇಕೆಂದು ನಿಯಮ ಮಾಡಿತ್ತು. ತುಂಬಿದ ಹೊಟ್ಟೆಯನ್ನು ಕಂಡು ಮಕ್ಕಳು ಮುಸಿಮುಸಿ ನಕ್ಕಾರೆಂಬುದು ಅದರ ಹಿಂದಿದ್ದ ಕಾರಣಗಳಲ್ಲಿ ಒಂದು! 1974ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಆ ನಿಯಮವನ್ನು ತಳ್ಳಿಹಾಕಿತು. ನಮ್ಮ ಹಳ್ಳಿಯ ಮಕ್ಕಳು ನಗುವುದಿಲ್ಲ. "ಮಿಸ್, ನೀವು ಕೂತ್ಕೊಳ್ಳಿ, ನಾನು ಬೋರ್ಡ್ ಒರೆಸ್ತೀನಿ" ಎಂದು ಓಡಿಬರುತ್ತಾರೆ.

ಈ ಕೂರುವ ಮಾತೂ ಕಾನೂನಿನಲ್ಲಿದೆ ಎಂಬುದು ಬಹುಮಂದಿಗೆ ತಿಳಿಯದು. ಹೆರಿಗೆಗೆ ಮುಂಚಿನ ಆರು ವಾರಗಳಲ್ಲಿ ರಜೆ ಪಡೆಯದೆ ದುಡಿಯುವ ದಿನಗಳಲ್ಲಿಯೂ, ಅದಕ್ಕೆ ಹಿಂದಿನ ಒಂದು ತಿಂಗಳಲ್ಲಿಯೂ, ಗರ್ಭಿಣಿ ಕೇಳಿಕೊಂಡರೆ ಬಹಳ ಹೊತ್ತು ನಿಂತು ಮಾಡುವ ಕೆಲಸವನ್ನು ಅವಳಿಗೆ ಕೊಡುವಂತಿಲ್ಲ. ಶಿಕ್ಷಕಿಯ ಕೆಲಸವೆಂದರೆ ನಿಲ್ಲುವುದೇ ತಾನೇ? ಬೆಳಗಿನ ಪ್ರಾರ್ಥನೆಯಿಂದ ಮಧ್ಯಾಹ್ನದ ಊಟ ಬಡಿಸುವವರೆಗೆ ಕಾಲು ಊರಿಯೇ ಇರಬೇಕು. ಕೇಳಿಕೊಂಡರೆ ಎಂಬ ಶಬ್ದವನ್ನು ಮಾತ್ರ ಮರೆಯುವಂತಿಲ್ಲ. ಕೇಳದವಳಿಗೆ ಕುರ್ಚಿ ಬರುವುದಿಲ್ಲ.

ಕೇಳುವುದೆಂದರೆ ಬರೆದು ಕೇಳುವುದು. ತಾಯಿ ಕಾರ್ಡು ಕೈಸೇರಿದೊಡನೆ, ಹೆರಿಗೆಯ ನಿರೀಕ್ಷಿತ ದಿನಾಂಕವನ್ನೂ ರಜೆ ಎಂದಿನಿಂದ ಬೇಕೆಂಬುದನ್ನೂ ತಿಳಿಸಿ ಪತ್ರ ಬರೆದು, ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಬೇಕು. ಸಹಿ ಹಾಕಲು ಹಿಂಜರಿದರೆ ಸ್ಪೀಡ್ ಪೋಸ್ಟ್ ಇದೆ. ಹೆರಿಗೆಗೆ ಮೊದಲು ಪತ್ರ ಕೊಡಲಾಗದಿದ್ದವಳು ಆಮೇಲೆ ಕೊಟ್ಟರೂ ಹಕ್ಕು ಹೋಗುವುದಿಲ್ಲ. ದಿನಾಂಕವಿಲ್ಲದ ರಾಜೀನಾಮೆ ಪತ್ರಕ್ಕೆ ನೇಮಕದ ದಿನವೇ ಸಹಿ ಪಡೆಯುವ ಕಡೆಗಳಿದ್ದರೆ, ಅಂಥ ಕಾಗದಕ್ಕೆ ಕೈ ಹಚ್ಚದಿರುವುದೇ ಲೇಸು.

ಮರಳಿ ಬಂದ ಮೇಲಿನ ಕಷ್ಟಕ್ಕೆ ಕಾನೂನಿನಲ್ಲಿ ಅರ್ಧ ಉತ್ತರ ಮಾತ್ರವಿದೆ. ಮಗುವಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡಿಸುವ ಬಿಡುವು ಕೊಡಬೇಕೆಂದಿದೆ. ಕೂಸು ದೊಡ್ಡಬಳ್ಳಾಪುರದಲ್ಲಿ, ಶಾಲೆ ಸಾಸಲಿನಾಚೆಗೆ ಇದ್ದರೆ ಆ ಬಿಡುವಿನಿಂದ ಏನು ಪ್ರಯೋಜನ? ಶಿಶುಪಾಲನಾ ಕೇಂದ್ರ ಕಡ್ಡಾಯವಾಗುವುದು ಐವತ್ತು ನೌಕರರಿರುವಲ್ಲಿ. ಹಳ್ಳಿಯ ಶಾಲೆಯಲ್ಲಿ ಐದೋ ಆರೋ ಮಂದಿ. ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆಂದು ರಾಜ್ಯ ಸರ್ಕಾರ 2023-24ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ಆರಂಭಿಸಿತು. ಅದೇ ಊರಿಗೆ ಪಾಠ ಹೇಳಲು ಬರುವವಳ ಕೂಸಿಗೂ ಅಲ್ಲೊಂದು ತೊಟ್ಟಿಲು ಕಟ್ಟಬಹುದೇ ಎಂದು ಪಂಚಾಯಿತಿಯವರನ್ನು ಕೇಳಿ ನೋಡಬೇಕಾದವರು, ಅವಳಿಂದ ಅಕ್ಷರ ಕಲಿಯುತ್ತಿರುವ ಮಕ್ಕಳ ತಂದೆತಾಯಿಗಳು.