ಎಲ್ಲಾ ಫ್ಲಶ್ ಮಾಡಿಬಿಡು ಗುರು!

ಪರದೆ ಮೇಲೆ ಹಳೇ ಚಿತ್ರದ ಚೂರುಗಳು ಕಾಣುತ್ತಿವೆ ಅಂತ ಬಗ್ ಬಂತು ಅಂದುಕೊಳ್ಳಿ. ಗ್ರಾಫಿಕ್ಸ್ ಡ್ರೈವರ್ ಬರೆಯುವವರಲ್ಲಿ ಬಹಳ ಜನರ ಮೊದಲ ಮಾತು: "ಎಲ್ಲಾ ಫ್ಲಶ್ ಮಾಡಿ, ಜಿಪಿಯು ಖಾಲಿ ಆಗೋವರೆಗೂ ಕಾಯಿಸಿಬಿಡು ಗುರು!" ಒಂದು ಸಾಲು ಸೇರುತ್ತೆ, ಬಗ್ ಮಾಯ, ಟಿಕೆಟ್ ಕ್ಲೋಸ್. ನಾನೂ ಇದೇ ಕಸುಬಿನವನು, ಈ ಮಾತು ಕೇಳಿ ಕೇಳಿ ತಲೆ ಕೆಟ್ಟಿದೆ. ಇದು ರಿಪೇರಿ ಅಲ್ಲ ಸ್ವಾಮಿ, ಮುಚ್ಚಿಹಾಕೋದು.

ಇಲ್ಲಿರೋದು ಎರಡು ಬೇರೆ ಬೇರೆ ಪ್ರಶ್ನೆ. ಈ ಬಫರನ್ನು ಜಿಪಿಯು ಇನ್ನೂ ಬಳಸುತ್ತಿದೆಯೇ? ಬರೆದದ್ದು ಮೆಮೊರಿ ಸೇರಿದೆಯೇ, ಇಲ್ಲಾ ಕ್ಯಾಶ್‌ನಲ್ಲೇ ಕೂತಿದೆಯೇ? ಮೊದಲನೆಯದಕ್ಕೆ ಕಾಯಬೇಕು, ಎರಡನೆಯದಕ್ಕೆ ಫ್ಲಶ್ ಮಾಡಬೇಕು. ಎರಡನ್ನೂ ಕಲಸಿ ಚಿತ್ರಾನ್ನ ಮಾಡಿದರೆ ಹೇಗೆ?

2008ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 2.6.28ರಲ್ಲೇ ಇಂಟೆಲ್ ಡ್ರೈವರ್ ಇದನ್ನು ಬಿಡಿಸಿಟ್ಟಿತ್ತು. ಕೀತ್ ಪ್ಯಾಕಾರ್ಡ್ ಮತ್ತು ಎರಿಕ್ ಆನ್‌ಹೋಲ್ಟ್ ರೂಪಿಸಿದ 'ಜೆಮ್'ನಲ್ಲಿ ಮೂರು ಪಟ್ಟಿ: ಜಿಪಿಯು ಕೈಯಲ್ಲಿರುವ ಬಫರುಗಳು, ಕೆಲಸ ಮುಗಿದರೂ ಫ್ಲಶ್ ಆಗದವು, ಎರಡೂ ಮುಗಿದವು. ಪ್ರತಿ ಕೆಲಸಕ್ಕೂ ಒಂದು ಕ್ರಮಸಂಖ್ಯೆ. ಜಿಪಿಯು ಆ ಸಂಖ್ಯೆ ದಾಟಿದರೆ ಆ ಕೆಲಸದಿಂದ ಬಫರ್‌ಗೆ ಬಿಡುಗಡೆ.

2012ರಲ್ಲಿ ನಡುವಿನ ಪಟ್ಟಿ ಹೋಯಿತು. ಹೇಗೂ ಪ್ರತಿ ಬ್ಯಾಚಿನ ಜೊತೆ ಫ್ಲಶ್ ಆಗುತ್ತಿತ್ತು. "ನೋಡು, ಅವರೂ ಎಲ್ಲಾ ಫ್ಲಶ್ ಮಾಡ್ತಾರೆ" ಅನ್ನುವವರಿಗೆ ನನ್ನ ಉತ್ತರ ಇಷ್ಟೇ: ಆ ಫ್ಲಶ್ ಜಿಪಿಯುವಿನ ಸಾಲಿನಲ್ಲೇ ನಡೆಯುತ್ತೆ, ಸಿಪಿಯು ಅದಕ್ಕಾಗಿ ಬಾಯಿ ಬಿಟ್ಟುಕೊಂಡು ನಿಲ್ಲೋದಿಲ್ಲ. ಕ್ರಮಸಂಖ್ಯೆಯ ಲೆಕ್ಕವೂ ಹೋಗಲಿಲ್ಲ. ನಮ್ಮವರು ಮಾಡೋದು, ಒಂದು ಅಂಗಿ ಇಸ್ತ್ರಿ ಆಗಿದೆಯಾ ಎಂದು ತಿಳಿಯಲು ಇಡೀ ಬೀದಿಯ ಬಟ್ಟೆ ಮುಗಿಯೋವರೆಗೂ ಅಂಗಡಿ ಮುಂದೆ ನಿಂತ ಹಾಗೆ!

ಇದರ ಬೆಲೆ ಕೊಡೋರು ಬಳಕೆದಾರರು. 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮಿಗೆ ಸಿಗೋದು 16.6 ಮಿಲಿಸೆಕೆಂಡ್. ಸಿಪಿಯು ಕಾಯುವಾಗ ಮುಂದಿನ ಫ್ರೇಮ್ ತಯಾರಾಗಲ್ಲ, ಅದು ತಯಾರಿಸುವಾಗ ಜಿಪಿಯು ಖಾಲಿ. ಸಿಪಿಯು-ಜಿಪಿಯು ಕ್ಯಾಶ್ ಹೊಂದದ ಚಿಪ್‌ಗಳಲ್ಲಿ 1920×1080ರ ಒಂದು ಬಫರನ್ನು ಪೂರ್ತಿ ಫ್ಲಶ್ ಮಾಡಲು, ಪಿಕ್ಸೆಲ್‌ಗೆ 4 ಬೈಟ್, ಸಾಲಿಗೆ 64 ಬೈಟ್ ಎಂದರೆ, 1,29,600 ಕ್ಯಾಶ್ ಸಾಲು ಮುಟ್ಟಬೇಕು. ಒಂದು ಕರ್ಸರ್ ಮಿನುಗಿದ್ದಕ್ಕೆ ಇಷ್ಟಾ?

ಬಗ್ ಎಲ್ಲಿದೆ ಎಂದು ಹುಡುಕಲು ಎಲ್ಲಾ ಫ್ಲಶ್ ಮಾಡಿ ನೋಡಿ, ಬೇಡ ಅನ್ನಲ್ಲ. ಆದರೆ ಅದನ್ನೇ ಗ್ರಾಹಕರಿಗೆ ಕಳಿಸಬೇಡಿ. ತಪ್ಪಿಹೋದ ಬಫರ್ ಲೆಕ್ಕ ಅಲ್ಲೇ ಇರುತ್ತೆ. ನಾಳೆ ಯಾರೋ "ಇದು ನಿಧಾನ" ಅಂತ ಆ ಸಾಲು ತೆಗೆದ ದಿನ ಮತ್ತೆ ಹೆಡೆ ಎತ್ತುತ್ತೆ.

ಯಾವ ಬಫರ್, ಯಾರ ಕೈಯಲ್ಲಿ, ಯಾವ ಸಂಖ್ಯೆವರೆಗೆ? ಇಷ್ಟು ಬರೆದಿಡೋಕೂ ಸೋಮಾರಿತನ ಅಂದ್ರೆ ಡ್ರೈವರ್ ಯಾಕೆ ಬರೀಬೇಕು, ಹೇಳಿ?