ಬಾಗಿಲ ಅಗಳಿ

ನಂಜನಗೂಡಿನಲ್ಲಿ ಬಾಳೆಲ್ಲ ಕಪಿಲೆಯಲ್ಲಿ ಮಿಂದ ತಾತನವರು ಮರೆವಿನ ರೋಗಕ್ಕೆ ತುತ್ತಾದರೆಂದುಕೊಳ್ಳೋಣ. ಮೊಮ್ಮಗನ ಹೆಸರನ್ನು ಮರೆತರೂ ಹೊಳೆಯ ಹಾದಿಯನ್ನು ಅವರ ಕಾಲುಗಳು ಮರೆಯವು. ನಸುಕಿನಲ್ಲಿ ಅವರೊಬ್ಬರೇ ಹೊರಟರೆ ಮನೆಯವರು ಕಂಗೆಡುವುದು ಸಹಜ. ತಿರುಮಕೂಡಲಿನಲ್ಲಿ ಕಪಿಲೆಯು ಕಾವೇರಿಯನ್ನು ಕೂಡುವೆಡೆಯಲ್ಲಿಯೂ ಇದೇ ಭಯ. ಸೆಳವಿಗೆ ಮುದುಕರೆಂಬ ದಾಕ್ಷಿಣ್ಯವುಂಟೇ? ಆದುದರಿಂದ ಬಾಗಿಲಿಗೆ ಬೀಗ ಬೀಳುತ್ತದೆ. ಬೀಗವು ಪ್ರಾಣವನ್ನು ಕಾಯುತ್ತದೆ, ನಿಜ. ಆದರೆ ಒಳಗಿರುವವರು ತಾವೇನು ತಪ್ಪು ಮಾಡಿದೆವೆಂದು ತಿಳಿಯದೆ ಕದವನ್ನು ಬಡಿಯುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ. ಮನೆಯ ಅಗಳಿಯಾದರೋ ನಮ್ಮ ವಿವೇಕಕ್ಕೆ ಸೇರಿದ್ದು. ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟು ಹೊಳೆ ಉಕ್ಕಿದ ದಿನ ಅಗಳಿ ಹಾಕುವುದು ಸರಿಯೆಂದೇ ನಾನು ಹೇಳುವೆನು. ಮಿಕ್ಕ ದಿನಗಳಲ್ಲಿ ಅವರ ಜೇಬಿನಲ್ಲೊಂದು ವಿಳಾಸದ ಚೀಟಿಯಿರಲಿ, ಬೀದಿಯ ಅಂಗಡಿಯವರಿಗೆ ವಿಷಯ ತಿಳಿದಿರಲಿ. ಸ್ನಾನಘಟ್ಟದವರೆಗೆ ಮೊಮ್ಮಗನೇ ಕೈಹಿಡಿದು ಜೊತೆಗೆ ನಡೆಯಲಿ.